ಗೋಡೆ ಕೆಡವಿದರೆ ಸಾಲದು

ಮನಸ್ಸಿನ ಕಾಯಿಲೆ ಬಂದವನನ್ನು ದೂರದೂರಿನ ಹುಚ್ಚಾಸ್ಪತ್ರೆಗೆ ಸೇರಿಸಿ ಬಾಗಿಲು ಹಾಕಿಕೊಂಡರೆ ತನ್ನ ಹೊಣೆ ತೀರಿತೆಂದು ಸರಕಾರ ಬಹುಕಾಲ ನಂಬಿತ್ತು. ಈಗ ಅದೇ ಸರಕಾರ, ರೋಗಿಗೆ ತನ್ನ ಊರಲ್ಲೇ, ತನ್ನ ಜನರ ನಡುವೆಯೇ ಚಿಕಿತ್ಸೆ ಸಿಗಬೇಕೆನ್ನುತ್ತಿದೆ. ಮಾತು ಸರಿಯಾದುದೇ. ಆದರೆ ಅದರ ಖರ್ಚನ್ನು ಹೊರುವವರು ಯಾರೆಂದು ದುಡಿಯುವ ಜನ ಕೇಳಲೇಬೇಕು.

ಇದು ಆಗದ ಕೆಲಸವೆಂದು ಯಾರೂ ಹೇಳುವಂತಿಲ್ಲ. ನಮ್ಮ ನಾಡಿನ ಬಳ್ಳಾರಿ ಜಿಲ್ಲೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಇದನ್ನು ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯಿತ್ತು ಔಷಧವನ್ನು ಅಲ್ಲಿಗೇ ಒದಗಿಸಿದಾಗ, ಜ್ವರಕ್ಕೆ ಮದ್ದು ಕೊಡುವ ಕೈಯೇ ಮನೋರೋಗಕ್ಕೂ ಮದ್ದು ಕೊಟ್ಟಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಇದರ ಬೆಲೆ ಗಿರಣಿ ಕಾರ್ಮಿಕನಿಗೆ ಗೊತ್ತು. ರೋಗಿಯನ್ನು ಬೆಂಗಳೂರಿಗೋ ಧಾರವಾಡಕ್ಕೋ ಕರೆದೊಯ್ದರೆ ಎರಡು ದಿನದ ಕೂಲಿ ಹೋಯಿತು, ಮೇಲೆ ಇಬ್ಬರ ಬಸ್ಸು ಚಾರ್ಜು. ಚಿಕ್ಕ ಅಂಗಡಿಯವನು ಬಾಗಿಲು ಹಾಕಿಯೇ ಹೋಗಬೇಕು. ಎರಡು ಸಲ ಹೋದವನು ಮೂರನೆಯ ಸಲ ಹಿಂದೆಗೆಯುತ್ತಾನೆ; ಮದ್ದು ನಿಲ್ಲುತ್ತದೆ, ರೋಗ ಮರಳುತ್ತದೆ. ಆಮೇಲೆ ಉಳಿಯುವುದು ಮಂತ್ರ, ತಾಯಿತ, ಸರಪಳಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾರದೆ ಬೆಂದರು. ಸತ್ತವರು 28 ಮಂದಿ.

ಇನ್ನೊಂದು ಪಾಠವೂ ಇದೆ. ಅಮೆರಿಕದಲ್ಲಿ 1963ರಲ್ಲಿ ಅಧ್ಯಕ್ಷ ಕೆನೆಡಿ ಇಂಥದೇ ಕಾನೂನಿಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳು ಬರಿದಾದವು. ಊರೂರಲ್ಲಿ ಏಳಬೇಕಾಗಿದ್ದ ಕೇಂದ್ರಗಳಲ್ಲಿ ಅನೇಕವು ಏಳಲೇ ಇಲ್ಲ. ಎಷ್ಟೋ ರೋಗಿಗಳು ಬೀದಿಗೆ ಬಿದ್ದರು, ಜೈಲು ಸೇರಿದರು. ಉಳಿತಾಯ ಖಜಾನೆಗೆ, ನಷ್ಟ ಬಡವನಿಗೆ!

ನಮ್ಮ 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ. ಮನೆಯಿಲ್ಲ, ಮನೆಯವರು ಒಲ್ಲರು ಎಂಬ ಕಾರಣಕ್ಕೇ ಯಾರನ್ನೂ ಆಸ್ಪತ್ರೆಯಲ್ಲಿ ಇರಿಸಬಾರದೆಂದಿದೆ. ಅಂಥವರಿಗೆ ಜನರ ನಡುವೆ ತಂಗುಮನೆಗಳನ್ನು ಒದಗಿಸುವ ಹೊಣೆ ಸರಕಾರದ್ದೆಂದೂ ಬರೆದಿದೆ. ಈ ಕೊನೆಯ ಮಾತನ್ನು ಮರೆತು ರೋಗಿಯನ್ನು ಹೊರಗೆ ಕಳಿಸಿದರೆ ಅದು ಬಿಡುಗಡೆಯಲ್ಲ, ಕೈತೊಳೆದುಕೊಳ್ಳುವುದು.

ನಮ್ಮ ಬೇಡಿಕೆ ಸರಳ. ತಾಲೂಕು ಆಸ್ಪತ್ರೆಯಲ್ಲಿ ವರ್ಷವಿಡೀ ಮದ್ದು ಉಚಿತವಾಗಿ ಸಿಗಲಿ. ಮನೆಯಿಲ್ಲದವನಿಗೆ ತಂಗುಮನೆಯಿರಲಿ. ಗುಣವಾಗಿ ಬಂದ ಕಾರ್ಮಿಕನನ್ನು ಮಾಲೀಕರು ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಿ. ಸಂಘಗಳು ಇದನ್ನು ತಮ್ಮ ಬೇಡಿಕೆಪಟ್ಟಿಗೆ ಸೇರಿಸಲಿ. ಇಷ್ಟೂ ಆಗುವ ತನಕ ಆಸ್ಪತ್ರೆಯ ಒಂದು ಹಾಸಿಗೆಯನ್ನೂ ಕಡಿಮೆ ಮಾಡಕೂಡದು.