ಎರಡು ಡಿಸ್ಕು, ಒಂದೇ ಬೀರು

ಹೊಸದುರ್ಗದಾಗೆ ನಮ್ಮಣ್ಣನ ಮಗ ಎರಡು ಹಾರ್ಡ್ ಡಿಸ್ಕ್ ತಂದವ್ನೆ. ಹೋದ್ ವರ್ಷ ಅವರ ಮನೆ ಕಂಪ್ಯೂಟರ್ ಸುಟ್ಟು, ನಮ್ಮವ್ವ ಹಾಡಿದ್ದ ಸೋಬಾನೆ ಪದವೆಲ್ಲ ಹೋದ್ವು. ಉಳಿದಿದ್ದು, ಅವನೇ ಯಾವಾಗ್ಲೋ ನನ್ನ ಫೋನಿಗೆ ಕಳಿಸಿದ್ದ ಎರಡು ಪದ ಮಾತ್ರ. ಈಗ ಬುದ್ಧಿ ಬಂದು ಎಲ್ಲದ್ರದ್ದೂ ಎರಡೆರಡು ಪ್ರತಿ ಮಾಡವ್ನೆ. ಎಲ್ಲಿಟ್ಟಿದೀಯಪ್ಪ ಅಂದ್ರೆ, "ಎರಡೂ ಬೀರುನಾಗೇ ಅದಾವೆ ಅತ್ತೆ, ಭದ್ರ" ಅಂತಾನೆ.

ಯಾವ ಭದ್ರ ಕಣ್ರವ್ವಾ? ಕಳ್ಳ ಬಂದ್ರೆ ಎರಡೂ ಒಟ್ಟಿಗೇ ಹೋಗ್ತಾವೆ. ಒಂದೇ ಬೀರಿನಾಗಿರೋ ಎರಡು ಪ್ರತಿ ನನ್ನ ಲೆಕ್ಕಕ್ಕೆ ಒಂದೇ.

ಗೂಗಲ್‌ನೋರು 2003ರಾಗೆ ತಮ್ಮ ಫೈಲ್ ಸಿಸ್ಟಂ ಹೆಂಗೆ ಕಟ್ಟಿದ್ವಿ ಅಂತ ಬರೆದು ಹೊರಗೆ ಹಾಕಿದ್ರು. ಮಷೀನು ಕೆಟ್ಟೇ ಕೆಡ್ತಾವೆ ಅನ್ನೋದ್ರಿಂದ್ಲೇ ಅವರ ಲೆಕ್ಕ ಶುರು. ಫೈಲನ್ನ 64 ಎಂಬಿ ತುಂಡು ಮಾಡಿ, ಒಂದೊಂದು ತುಂಡಿಗೂ ಮೂರು ಪ್ರತಿ, ಮೂರೂ ಬೇರೆ ಬೇರೆ ಮಷೀನ್ನಾಗೆ, ಎಲ್ಲಾ ಒಂದೇ ರ‍್ಯಾಕಿನಾಗೆ ಬೀಳದಂಗೆ ಇಡ್ತಿದ್ರು. ಒಂದು ಹೋದ್ರೆ ಉಳಿದಿದ್ರಿಂದ ಮತ್ತೆ ಮೂರು ಮಾಡ್ಕೊಳೋದು. ಇದು ನಮ್ಮ ಹೆಪ್ಪಿನ ಲೆಕ್ಕಾನೇ ಅಲ್ವಾ? ನಮ್ಮನೆ ಮೊಸರು ಕೆಟ್ರೆ ಪಕ್ಕದ ಮನೆಯಿಂದ ಒಂದು ಚಮಚ ತರ್ತೀವಿ, ಅದು ಹೋದ ತಿಂಗಳು ನಾವೇ ಅವರಿಗೆ ಕೊಟ್ಟಿದ್ದು. ಎರಡು ಕುಡಿಕೆ ಹೆಪ್ಪನ್ನ ಒಂದೇ ಗೂಡಿನಾಗಿಟ್ಟು ಯಾರಾದ್ರೂ ಭದ್ರ ಅಂತಾರಾ?

ಕ್ಲೌಡಿನಾಗೈತೆ ಬಿಡಿ ಅನ್ನೋರೂ ಅದಾರೆ. ಫೋನಿಗೂ ಅದಕ್ಕೂ ಜೋಡಿಸಿದ್ರೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸಿ ಹೋಗ್ತೈತೆ. ಪಾಸ್‌ವರ್ಡು ಬೇರೆ ಮನೆಗೆಲ್ಲ ಒಬ್ಬನಿಗೇ ಗೊತ್ತು.

ಅದಕ್ಕೇ ಹೇಳಿದೆ, ಒಂದು ಪ್ರತಿ ಹಿರಿಯೂರಿನ ಅಕ್ಕನ ಮನೆಯಾಗಿರ್ಲಿ, ಒಂದು ಇಲ್ಲಿ ಚಿಕ್ಕಜಾಜೂರಿನಾಗೆ ನನ್ನ ಹತ್ರ ಇರ್ಲಿ ಅಂತ. ಅಣ್ಣಂಗೆ ಸಿಟ್ಟು ಬಂತು. "ಮನೆ ಕಾಗದ ಪತ್ರ ಹೊರಗಿನೋರ ಮನೆಗ್ಯಾಕೆ?" ಹೊರಗಿನೋರು! 2005ರಾಗೇ ಕಾನೂನು ಹೆಣ್ಮಕ್ಕಳಿಗೂ ಗಂಡುಮಕ್ಕಳ ಸಮ ಪಾಲು ಅಂದೈತೆ. ನಾನು ಪಾಲು ಕೇಳಾಕೆ ಹೋಗಿರ್ಲಿಲ್ಲ, ಪ್ರತಿ ಕೇಳಾಕೆ ಹೋಗಿದ್ದೆ. ಕಾಗದದ ಚಿಂತೆ ಇದ್ರೆ ಅವಕ್ಕೆ ಬೀಗ ಹಾಕಿ ಕೊಡ್ಲಿ, ಪಾಸ್‌ವರ್ಡು ಅವನೇ ಇಟ್ಕೊಳ್ಲಿ. ಪಹಣಿ ಕಳೆದ್ರೆ ನಾಡಕಚೇರಿನಾಗೆ ಮತ್ತೆ ತೆಗೆಸ್ಬಹುದು. ಅವ್ವನ ದನಿ ಯಾವ ಕಚೇರಿನಾಗೆ ಸಿಗ್ತೈತೆ? ಆ ಎರಡು ಪದ ಉಳಿದಿದ್ದಾದ್ರೂ ಈ ಹೊರಗಿನೋಳ ಫೋನಿನಾಗೆ.

ಬರೋ ಭಾನುವಾರ ತವರಿಗೆ ಹೋಗ್ತಿದೀನಿ. ಚೀಲದಾಗೆ ಎರಡು ಪೆನ್ ಡ್ರೈವ್ ಹಾಕ್ಕೊಂಡಿದೀನಿ. ಅಕ್ಕಂಗೂ ಬರಾಕೆ ಹೇಳಿದೀನಿ.