ಕೊನೆಯ ಬಯಲಿನವರು

ಹುಲ್ಲಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಯಿಂದ ಹೊರಡುವ ನಾಲೆ ಹಳೆಯದು. 1974ರಲ್ಲಿ ಮೇಲೆ ಬೀಚನಹಳ್ಳಿಯಲ್ಲಿ ಅದೇ ಹೊಳೆಗೆ ಕಬಿನಿ ಜಲಾಶಯ ಆಗುವ ಎಷ್ಟೋ ಮೊದಲೇ ಅದು ಗದ್ದೆಗಳಿಗೆ ನೀರುಣಿಸುತ್ತಿತ್ತು. ಒಮ್ಮೆ ನಾಟಿಗೆ ಮುಂಚೆ, ಗಾಳಿಗೆ ಉರುಳಿದ ಹೊಂಗೆ ಮರವೊಂದು ತೇಲಿಬಂದು ಸೇತುವೆಯ ಕಣ್ಣಿಗೆ ಅಡ್ಡ ಕೂತಿತು. ಬೆಳಗಾಗುವಷ್ಟರಲ್ಲಿ ಕಳೆ, ಕಸ, ತೆಂಗಿನ ಗರಿ ಎಲ್ಲ ಬಂದು ಅದಕ್ಕೆ ಆತುಕೊಂಡವು. ಮೇಲಿನ ಬಯಲಿನವರ ತೂಬುಗಳಲ್ಲಿ ನೀರು ಇನ್ನೂ ಜೋರಾಗಿ ಹರಿಯಿತು. ನಾಲೆ ಕಟ್ಟಿದ್ದು ಅವರಿಗೆ ತಿಳಿಯಲೇ ಇಲ್ಲ. ಕೊನೆಯ ಬಯಲಿನಲ್ಲಿ ಒಟ್ಲು ಪಾತಿ ಬಿರುಕು ಬಿಟ್ಟಿತು. ನೀರುಗಂಟಿ ಎದೆಮಟ್ಟ ನೀರಿಗಿಳಿದು ಕೊಂಬೆ ಕಡಿದ. ಕೊನೆಯ ಬಯಲಿನಿಂದ ಓಡಿಬಂದವರು ಹಗ್ಗ ಬಿಗಿದು ಮರವನ್ನು ಏರಿಗೆ ಎಳೆದು ಹಾಕಿದರು.

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ‘ಎವರ್ ಗಿವನ್’ ಹಡಗು ಸಿಕ್ಕಿಕೊಂಡ ಚಿತ್ರ ನೋಡಿದಾಗ ನನಗೆ ನೆನಪಾದದ್ದು ಆ ಹೊಂಗೆ ಮರ. ಹಡಗಿನ ಉದ್ದ 400 ಮೀಟರ್. ಕಾಲುವೆಯ ಅಗಲ ಅಷ್ಟಿಲ್ಲ. ದೂಳುಗಾಳಿಯ ನಡುವೆ ಅದರ ಮೂತಿ ಒಂದು ದಡದಲ್ಲಿ ಹೂತುಹೋಯಿತು, ಹಿಂಭಾಗ ಇನ್ನೊಂದು ದಡಕ್ಕೆ ತಾಗಿತು. ಸುಮಾರು 30,000 ಘನ ಮೀಟರ್ ಮರಳು ತೋಡಿ, ಹತ್ತಕ್ಕೂ ಹೆಚ್ಚು ಟಗ್ ದೋಣಿಗಳು ಎಳೆದು, ಹೋಳಿ ಹುಣ್ಣಿಮೆಯ ಉಬ್ಬರವೂ ಕೈಗೂಡಿದ ಮೇಲೆ, 29ರಂದು ಅದು ತೇಲಿತು. ಅಷ್ಟು ಹೊತ್ತಿಗೆ ದಾರಿ ಕಾಯುತ್ತಿದ್ದ ಹಡಗುಗಳು 400ರ ಹತ್ತಿರ.

ತಪ್ಪು ಗಾಳಿಯದೋ, ಕ್ಯಾಪ್ಟನ್ನನದೋ, ಕಾಲುವೆಯ ಪೈಲಟ್‌ಗಳದೋ ಎಂದು ಜಗತ್ತೆಲ್ಲ ಚರ್ಚಿಸಿತು. ಆ ವಿಚಾರಣೆ ಬೇಕಾದದ್ದೇ. ಆದರೆ ಗಾಳಿ ಬೀಸುತ್ತದೆ, ಮನುಷ್ಯ ಎಡವುತ್ತಾನೆ. ಅದು ಎಲ್ಲರಿಗೂ ಮೊದಲೇ ಗೊತ್ತಿದ್ದ ಸಂಗತಿ. ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಅಷ್ಟು ದೊಡ್ಡ ಹಡಗನ್ನು ಅಷ್ಟು ಇಕ್ಕಟ್ಟಿನ ದಾರಿಯಲ್ಲಿ ಬಿಡುವುದರ ಲಾಭ ಯಾರಿಗೆ, ಅದು ಸಿಕ್ಕಿಕೊಂಡಾಗಿನ ನಷ್ಟ ಯಾರಿಗೆ?

1956ರಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ಕರಾವಳಿಯಲ್ಲಿ ಸಾಗಿದಾಗ ಈ ಬಗೆಯ ಸಾಗಣೆ ಶುರುವಾಯಿತು. ಎವರ್ ಗಿವನ್ 20,000ಕ್ಕೂ ಮೇಲೆ ಹೊರಬಲ್ಲದು. ಹಡಗು ದೊಡ್ಡದಾದಷ್ಟೂ ಒಂದೊಂದು ಪೆಟ್ಟಿಗೆಯ ಬಾಡಿಗೆ ಇಳಿಯುತ್ತದೆ, ಸರಕು ಅಗ್ಗವಾಗುತ್ತದೆ. ಅದರಲ್ಲಿ ನಮಗೂ ಒಂದಿಷ್ಟು ಪಾಲು ಸಿಕ್ಕಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ನಷ್ಟ ಹಂಚಿಕೆಯಾದ ಬಗೆ ನೋಡಿ. ಹಡಗಿನ ಮಾಲೀಕರು ಜಪಾನಿನವರು, ಓಡಿಸುವ ಕಂಪನಿ ತೈವಾನಿನದು, ಬಾವುಟ ಪನಾಮಾದ್ದು. ಹಡಗಿನಲ್ಲಿದ್ದ 25 ನಾವಿಕರು ಭಾರತೀಯರು. ಪರಿಹಾರದ ಜಗಳ ಮುಗಿಯುವವರೆಗೆ, ಅಂದರೆ ಜುಲೈ 7ರವರೆಗೆ, ಈಜಿಪ್ಟ್ ಆ ಹಡಗನ್ನು ಬಿಡಲಿಲ್ಲ. ಕಡಲಿನ ಹಳೆಯ ಕಟ್ಟಳೆಯಾದ ‘ಜನರಲ್ ಆವರೇಜ್’ ಪ್ರಕಾರ, ಹಡಗು ಬಿಡಿಸಿದ ಖರ್ಚಿನಲ್ಲಿ ಸರಕಿನ ಒಡೆಯರೂ ಪಾಲು ಕೊಡಬೇಕೆಂದು ಮಾಲೀಕರು ಘೋಷಿಸಿದರು. ವಿಮೆ ಮಾಡಿಸಿರದ ಸಣ್ಣ ವ್ಯಾಪಾರಿಗೂ ಇದರಿಂದ ಬಿಡುಗಡೆ ಇಲ್ಲ.

ಹುಲ್ಲಹಳ್ಳಿಯ ರೈತ ಇಷ್ಟೆಲ್ಲದರಿಂದ ದೂರ ಇದ್ದಾನೆ ಎನ್ನುವಂತಿಲ್ಲ. ಭತ್ತಕ್ಕೂ ಬಾಳೆಗೂ ಹಾಕುವ ಪೊಟ್ಯಾಷ್ ಬಹುಪಾಲು ಹೊರದೇಶದ್ದು. ರಷ್ಯಾ, ಬೆಲಾರಸ್ ಕಡೆಯಿಂದ ಅದು ಬರುವ ಹತ್ತಿರದ ದಾರಿ ಸೂಯೆಜ್. ಕೊಡಗು, ಚಿಕ್ಕಮಗಳೂರಿನ ಕಾಫಿ ಇಟಲಿ ಸೇರುವುದೂ ಹಾಗೆಯೇ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಎಷ್ಟೋ ಹಡಗುಗಳು ಸೂಯೆಜ್ ದಾರಿ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋದವು, ಬಾಡಿಗೆ ಏರಿತು. ದೊಡ್ಡ ಕಂಪನಿ ಆ ಹೊರೆಯನ್ನು ಬೆಲೆಗೆ ಸೇರಿಸಿ ದಾಟಿಸುತ್ತದೆ. ರೈತ ಯಾರಿಗೆ ದಾಟಿಸಬೇಕು? ತೆನೆ ಹಾಲುಗಟ್ಟಿದ ಮೇಲೆ ಗೊಬ್ಬರದ ಮೂಟೆ ಬಂದರೆ ಅವನು ಅದನ್ನು ಏನು ಮಾಡಬೇಕು?

ಹಳೆ ಮೈಸೂರಿನಲ್ಲಿ ಹಲವು ಕಡೆ ನಾಲೆಯ ನೀರಿನಿಂದ ಕೆರೆ ತುಂಬಿಸುವ ಏರ್ಪಾಡಿದೆ. ನಾಲೆ ಒಡೆದರೂ, ಕಟ್ಟಿಕೊಂಡರೂ ಕೆರೆಯ ನೀರು ಒಂದಷ್ಟು ದಿನ ಪೈರನ್ನು ಉಳಿಸುತ್ತದೆ. ಲೆಕ್ಕದ ಪುಸ್ತಕದಲ್ಲಿ ಆ ಕೆರೆ ದಂಡದ ಜಾಗ. ಅಲ್ಲಿ ಗದ್ದೆ ಮಾಡಿದ್ದರೆ ಇಷ್ಟು ಪಲ್ಲ ಭತ್ತ ಬರುತ್ತಿತ್ತು ಎಂದು ತೋರಿಸಬಹುದು. ಜಗತ್ತಿನ ವ್ಯಾಪಾರ ಕಳೆದ ಕೆಲವು ದಶಕಗಳಲ್ಲಿ ಮಾಡಿದ್ದು ಇದೇ ಲೆಕ್ಕವನ್ನು. ದಾಸ್ತಾನು ದಂಡ, ಎರಡನೆಯ ದಾರಿ ದಂಡ, ಚಿಕ್ಕ ಹಡಗು ದಂಡ. ಹೀಗೆ ಉಳಿಸಿದ ಹಣ ಒಬ್ಬರ ಪೆಟ್ಟಿಗೆ ಸೇರಿತು, ಕೆರೆ ಇಲ್ಲದಾದ ಭಯ ಮಾತ್ರ ಎಲ್ಲರ ಪಾಲಾಯಿತು.

ಮುನ್ನೆಚ್ಚರಿಕೆಗೆ ಖರ್ಚಾಗುತ್ತದೆ, ಅದೂ ಕೊನೆಗೆ ಬಡವನ ಮೇಲೇ ಬೀಳುತ್ತದೆ ಎಂಬ ವಾದವಿದೆ. ಆದರೆ ಸೂಯೆಜ್‌ನಲ್ಲಿ ಆದದ್ದನ್ನು ನೋಡಿ. ಹಡಗು ಸಿಕ್ಕಿಕೊಂಡ ತೆಂಕಣ ಭಾಗದಲ್ಲಿ ಆಗ ಒಂದೇ ದಾರಿ ಇತ್ತು. ಅವಘಡದ ಮೇಲೆ ಈಜಿಪ್ಟ್ ಆ ಕಡೆ 30 ಕಿಲೋಮೀಟರ್ ಉದ್ದಕ್ಕೂ ಕಾಲುವೆಯನ್ನು ಇದ್ದದ್ದಕ್ಕಿಂತ 40 ಮೀಟರ್ ಹೆಚ್ಚು ಅಗಲ ಮಾಡಲು, ಜೋಡಿ ದಾರಿಯನ್ನು ಇನ್ನೂ 10 ಕಿಲೋಮೀಟರ್ ಮುಂದುವರಿಸಲು ಹೊರಟಿತು. ಅಂದಮೇಲೆ ಅದು ಆಗದ ಕೆಲಸವೇನೂ ಆಗಿರಲಿಲ್ಲ. ಹಡಗನ್ನು ಹಿಗ್ಗಿಸಿ ಲಾಭ ಕಂಡವರೇ ಆ ಖರ್ಚನ್ನು ಮೊದಲೇ ಹೊರಬೇಕಿತ್ತು.

ನಮ್ಮ ನಾಲೆಯ ವಿಷಯದಲ್ಲೂ ಈ ಲೆಕ್ಕ ಸರಿಹೋಗಿಲ್ಲ. ನೀರು ಬಿಡುವ ಮುಂಚೆ ಏರಿಯ ಮೇಲಿನ ಒಣಮರ ನೋಡಿ, ಬೀಳುವಂತಿದ್ದ ಕೊಂಬೆ ಕಡಿದು, ಸೇತುವೆಯ ಕಣ್ಣಿನ ಹೂಳು ಎತ್ತಲು ಬರುವವರು ಇವತ್ತಿಗೂ ಕೊನೆಯ ಬಯಲಿನವರೇ.