ಹೆರಿಗೆ ಎಲ್ಲಿ? ನೋವು ಬರುವ ಮುನ್ನವೇ ತೀರ್ಮಾನವಾಗಲಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮನೆ ಹೆರಿಗೆ ಈಗ ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆಸ್ಪತ್ರೆಗೆ ಹೋಗಬೇಕೇ ಎಂಬ ಚರ್ಚೆ ಮುಗಿಯಿತು. ಯಾವ ಆಸ್ಪತ್ರೆಗೆ, ಯಾವ ಹೊತ್ತಿಗೆ ಎಂಬುದನ್ನು ಮಾತ್ರ ಎಷ್ಟೋ ಮನೆಗಳು ನೋವು ಶುರುವಾದ ಮೇಲೇ ಯೋಚಿಸುತ್ತವೆ.

‘ಡಾಕ್ಟ್ರು 20ಕ್ಕೆ ಡೇಟ್ ಕೊಟ್ಟವ್ರೆ’ ಎನ್ನುವ ಮಾತು ಈ ಕಡೆ ಸಾಮಾನ್ಯ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹಾಕಿದ ಅಂದಾಜು ಅದು. ಸರಿಯಾಗಿ ಅದೇ ದಿನ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೆ. 37 ವಾರ ತುಂಬಿದ ಮೇಲೆ ಯಾವಾಗ ಬೇಕಾದರೂ ಹೆರಿಗೆಯಾಗಬಹುದು. 41 ದಾಟಿದರೆ ಮುಂದೇನು ಎಂಬುದನ್ನು ವೈದ್ಯರೇ ಹೇಳಬೇಕು. ಡೇಟು ಬಂದರೂ ನೋವು ಬರಲಿಲ್ಲವೆಂದು ಕಂಗೆಡುವ ಮನೆಯವರು, ಡೇಟಿಗೆ ಇನ್ನೂ ಹದಿನೈದು ದಿನವಿದೆಯೆಂದು ನಿಜವಾದ ನೋವನ್ನೇ ಕಡೆಗಣಿಸುವುದೂ ಉಂಟು.

ಕೊನೆಯ ವಾರಗಳಲ್ಲಿ ಹೊಟ್ಟೆ ಇಳಿಯುತ್ತದೆ. ಉಸಿರು ಹಗುರವಾಗುತ್ತದೆ, ಮೂತ್ರಕ್ಕೆ ಪದೇಪದೇ ಏಳಬೇಕಾಗುತ್ತದೆ. ಸುಳ್ಳು ನೋವಿಗೆ ಲೆಕ್ಕವಿಲ್ಲ: ಬರುತ್ತದೆ, ಮಗ್ಗುಲು ಬದಲಿಸಿದರೆ ಹೋಗುತ್ತದೆ. ಹೆರಿಗೆ ನೋವು ಹಾಗಲ್ಲ. ಹತ್ತು ನಿಮಿಷಕ್ಕೊಮ್ಮೆ ಬರುತ್ತಿದ್ದದ್ದು ಐದು ನಿಮಿಷಕ್ಕೊಮ್ಮೆ ಆಗುತ್ತದೆ, ಓಡಾಡಿದರೂ ಮಲಗಿದರೂ ಬಿಡುವುದಿಲ್ಲ. ನೀರು ಹೋದರೆ ನೋವಿಗಾಗಿ ಕಾಯಬಾರದು. ನೀರು ಹಸಿರಾಗಿದ್ದರೆ, ರಕ್ತ ಹೋದರೆ ತಡ ಮಾಡಲೇಬಾರದು.

ಇದಕ್ಕಿಂತ ಮೋಸದ ಲಕ್ಷಣಗಳೂ ಇವೆ. ಕಾಲು ಊದುವುದು ಬಸುರಿಗೆ ಇದ್ದದ್ದೇ, ನಿಜ. ಮುಖ, ಕೈ ಊದಿಕೊಂಡು, ತಲೆ ಸಿಡಿದು, ಕಣ್ಣು ಮಂಜಾದರೆ ಅದು ರಕ್ತದೊತ್ತಡ ಏರಿರುವ ಸೂಚನೆ, ಫಿಟ್ಸ್‌ವರೆಗೂ ಹೋಗಬಹುದು. ದಿನ ಹತ್ತಿರ ಬಂದಾಗ ಮಗು ಸುಮ್ಮನಾಗುತ್ತದೆ ಎಂಬ ನಂಬಿಕೆಯೂ ತಪ್ಪು. ಒದೆತ ಕಡಿಮೆಯಾಯಿತು ಅನ್ನಿಸಿದರೆ ಅಂದೇ ತೋರಿಸಬೇಕು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿ ಇಲ್ಲಿನ್ನೂ ಗಟ್ಟಿಯಾಗಿದೆ. ಕನಕಪುರದ ಕೋಡಿಹಳ್ಳಿ ಕಡೆಯ ಹುಡುಗಿ ಮಾಗಡಿಗೆ ಸೊಸೆಯಾಗಿದ್ದಾಳೆ ಎನ್ನಿ. ತಾಯಿ ಕಾರ್ಡ್ ಆಗಿದ್ದು ಮಾಗಡಿಯಲ್ಲಿ, ಎಂಟು ತಿಂಗಳು ಬಿ.ಪಿ. ನೋಡಿದ್ದು ಅಲ್ಲಿನ ಸಿಸ್ಟರ್. ಸೀಮಂತ ಮುಗಿಸಿ ಬಂದವಳ ಪರಿಚಯ ತವರೂರಿನ ಆಶಾ ಕಾರ್ಯಕರ್ತೆಗೆ ಇರುವುದಿಲ್ಲ. ಅತಿ ಹೆಚ್ಚು ನಿಗಾ ಬೇಕಾದ ಹೊತ್ತಿಗೇ ಕೊಂಡಿ ಕಳಚುತ್ತದೆ. ಕಾಡಂಚಿನ ಹಳ್ಳಿಯಾದರೆ ರಾತ್ರಿ ದಾರಿಯಲ್ಲಿ ಆನೆಗಳ ಭಯ ಬೇರೆ; 108ಕ್ಕೆ ಕರೆ ಮಾಡಿದರೂ ಆಂಬುಲೆನ್ಸ್ ಬರುವ ಹೊತ್ತನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

ತಾಯಂದಿರ ಸಾವಿಗೆ ಮೂರು ವಿಳಂಬಗಳು ಕಾರಣವೆಂದು ಸಂಶೋಧಕರಾದ ಸೆರೀನ್ ಥಡಿಯಸ್ ಮತ್ತು ಡೆಬೊರಾ ಮೇನ್ 1994ರಲ್ಲಿ ವಿವರಿಸಿದ್ದರು: ಹೊರಡಲು ತಡ, ತಲುಪಲು ತಡ, ತಲುಪಿದ ಮೇಲೆ ಚಿಕಿತ್ಸೆಗೆ ತಡ. ಮೊದಲಿನ ಎರಡಕ್ಕೆ ಮನೆಯವರನ್ನೂ ರಸ್ತೆಯನ್ನೂ ದೂರಬಹುದು. ಮೂರನೆಯದು ಸರ್ಕಾರದ್ದೇ. ನಡುರಾತ್ರಿ ಸಿಸೇರಿಯನ್ ಆಗಬೇಕಾದರೆ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು, ರಕ್ತ ಮೂರೂ ಬೇಕು. ಒಂದಿಲ್ಲದಿದ್ದರೂ ಚೀಟಿ ಬರೆದು ಬೆಂಗಳೂರಿಗೆ ಕಳಿಸುವುದೇ ದಾರಿ. ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟದ್ದು 2025ರಲ್ಲಿ. ಬಸುರಿಯರನ್ನು ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೆ ಸಾಗಿಸುವ ಅಭ್ಯಾಸ ಅದಕ್ಕಿಂತ ಬಹಳ ಹಳೆಯದು. ರಾಜಧಾನಿ ಐವತ್ತು ಕಿಲೋಮೀಟರ್ ಹತ್ತಿರ ಎಂಬುದು ತಾಲ್ಲೂಕು ಆಸ್ಪತ್ರೆಯ ಖಾಲಿ ಹುದ್ದೆಗೆ ಸಮಜಾಯಿಷಿ ಆಗಕೂಡದು. ಇಂದು ರಾತ್ರಿ ಆಪರೇಷನ್ ಇದೆಯೋ ಇಲ್ಲವೋ ಎಂಬುದನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯೂ ಬಾಗಿಲಲ್ಲೇ ಬರೆದು ಹಾಕಲಿ, ಆಶಾಗಳಿಗೂ ತಿಳಿಸಲಿ.

2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತ, ಔಷಧ ಉಚಿತ. ಬೇರೆ ಆಸ್ಪತ್ರೆಗೆ ಕಳಿಸುವ ವಾಹನವೂ ಉಚಿತ. ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವಿಶೇಷ ತಪಾಸಣೆಯಿದೆ. ಮಗಳು ತವರಿಗೆ ಬಂದ ವಾರದಲ್ಲೇ ತಾಯಿ ಕಾರ್ಡ್ ಹಿಡಿದು ಅಲ್ಲಿನ ಆಶಾ ಬಳಿ ಹೆಸರು ಬರೆಸಿ, ರಾತ್ರಿ ನೋವು ಬಂದರೆ ಎಲ್ಲಿಗೆ ಹೋಗಬೇಕೆಂದು ಅಂದೇ ಕೇಳಿಕೊಳ್ಳಿ.